ಪೀಪಾಯಿಯ ವಯಸ್ಸು, ಬಾಟಲಿಯ ವಯಸ್ಸು

ಅಕ್ಕಿ ಮಂಡಿಯಲ್ಲಿ ಹೊಸ ಅಕ್ಕಿಗೆ ಒಂದು ಬೆಲೆ, ಹಳೆ ಅಕ್ಕಿಗೆ ಇನ್ನೊಂದು ಬೆಲೆ. ಗದ್ದೆ ಅದೇ, ಭತ್ತ ಅದೇ, ಗಿರಣಿಯೂ ಅದೇ ಇರಬಹುದು. ಹೆಚ್ಚು ಹಣ ಕೊಡುವ ಗಿರಾಕಿ ನಿಜವಾಗಿ ಕೊಳ್ಳುವುದು ಅಕ್ಕಿಯನ್ನಲ್ಲ, ಅದು ಮೂಟೆಯಲ್ಲಿ ಕಳೆದ ಒಂದೆರಡು ವರ್ಷಗಳನ್ನು. ಆ ವರ್ಷಗಳು ಕಣ್ಣಿಗೆ ಕಾಣುವಂಥವಲ್ಲ. ಅನುಭವಸ್ಥರು ನಾಲ್ಕು ಕಾಳನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಕಚ್ಚಿ ನೋಡುತ್ತಾರೆ. ಉಳಿದವರು ಅಂಗಡಿಯವನ ಮಾತು ನಂಬಿ ಚೀಲ ಹೊತ್ತುಕೊಂಡು ಬರುತ್ತಾರೆ. ಅನ್ನ ಮುದ್ದೆಯಾದ ದಿನ ಸತ್ಯ ತಿಳಿಯುತ್ತದೆ.

ಸ್ಕಾಟ್ಲೆಂಡಿನ ವಿಸ್ಕಿ ವ್ಯಾಪಾರವೂ ಮೂಲತಃ ಇದೇ ಬಗೆಯದು. ವ್ಯತ್ಯಾಸವೆಂದರೆ ಅಲ್ಲಿ ಮಾತು ಒಂದೆರಡು ವರ್ಷದ್ದಲ್ಲ. ಹನ್ನೆರಡು, ಹದಿನೆಂಟು, ಮೂವತ್ತು ವರ್ಷಗಳದ್ದು. ಬಾಟಲಿಯ ಬಿರಡೆ ತೆಗೆದು ಮೂಸಿ ನೋಡುತ್ತೇನೆಂದರೆ ಅಂಗಡಿಯವನು ಒಪ್ಪುವುದಿಲ್ಲ. ಕೊಳ್ಳುವವನಿಗೆ ಸಿಗುವುದು ಚೀಟಿಯ ಮೇಲಿನ ನಾಲ್ಕು ಸಾಲು ಮಾತ್ರ. ಆ ಚೀಟಿಯನ್ನು ಎಷ್ಟು ನಂಬಬೇಕು, ಅದು ಹೇಳುವುದೇನು, ಹೇಳದೆ ಬಿಡುವುದೇನು? ರಸಿಕರು ಈ ಪ್ರಶ್ನೆಗೆ ತಲತಲಾಂತರದಿಂದ ಉತ್ತರ ಹುಡುಕಿದ್ದಾರೆ. ಕೆಲವರು ಬಾಟಲಿಯ ಗೊಡವೆಯೇ ಬೇಡವೆಂದು ನೇರವಾಗಿ ಪೀಪಾಯಿಯನ್ನೇ ಕೊಂಡಿದ್ದಾರೆ. ಕುಡಿತ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿನದಲ್ಲ. ಅದಕ್ಕೆ ಬೇರೆ ವೇದಿಕೆಗಳಿವೆ. ಇಲ್ಲಿರುವುದು ಕಾಣದ ವಸ್ತುವೊಂದಕ್ಕೆ ಮನುಷ್ಯರು ಬೆಲೆ ಕಟ್ಟುವ ರೀತಿ.

ಮೊದಲು ವಸ್ತುವನ್ನು ತಿಳಿಯಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಪುಡಿ ಮಾಡಿ, ಬಿಸಿನೀರಿನಲ್ಲಿ ಅದರ ಸಿಹಿಯನ್ನು ಇಳಿಸಿ, ಆ ನೀರನ್ನು ಹುಳಿಯಲು ಬಿಟ್ಟು, ತಾಮ್ರದ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಆಗ ಬರುವುದು ನೀರಿನಂತೆ ಬಣ್ಣವಿಲ್ಲದ, ಗಂಟಲು ಸುಡುವ ದ್ರವ. ಕಾನೂನಿನ ಪ್ರಕಾರ ಅದಿನ್ನೂ ವಿಸ್ಕಿಯಲ್ಲ. 700 ಲೀಟರಿಗೆ ಮೀರದ ಓಕ್ ಮರದ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನ ನೆಲದಲ್ಲೇ, ಕನಿಷ್ಠ ಮೂರು ವರ್ಷ ಕಳೆದ ಮೇಲಷ್ಟೇ ಅದಕ್ಕೆ ಸ್ಕಾಚ್ ಎಂಬ ಹೆಸರು. ಈ ಕಾಯುವಿಕೆಯ ನಿಯಮ ಬಂದದ್ದು ರುಚಿಯ ಕಾಳಜಿಯಿಂದಲ್ಲ. ಮೊದಲ ಮಹಾಯುದ್ಧದ ಸಮಯದಲ್ಲಿ ಕಾರ್ಮಿಕರ ಕುಡಿತಕ್ಕೆ ಕಡಿವಾಣ ಹಾಕಲು ಹೊರಟ ಬ್ರಿಟಿಷ್ ಸರಕಾರ 1915ರಲ್ಲಿ ಎರಡು ವರ್ಷದ ಕಡ್ಡಾಯ ದಾಸ್ತಾನನ್ನು ಹೇರಿತು. ಮರುವರ್ಷ ಅದು ಮೂರಾಯಿತು. ಕುಡಿತ ತಗ್ಗಿಸಲು ಬಂದ ಕಾನೂನು ಕೊನೆಗೆ ಪಾನೀಯದ ಪ್ರತಿಷ್ಠೆಯನ್ನೇ ಹೆಚ್ಚಿಸಿತು. ಸರಕಾರಗಳ ಉದ್ದೇಶ ಒಂದು, ಫಲ ಇನ್ನೊಂದು ಆಗುವುದು ಹೊಸತೇನಲ್ಲ.

ಪೀಪಾಯಿಗಳೂ ಹೊಸವಲ್ಲ. ಅಮೆರಿಕದ ಬರ್ಬನ್ ವಿಸ್ಕಿಗೆ ಒಳಮೈ ಸುಟ್ಟ ಹೊಸ ಓಕ್ ಮರವೇ ಆಗಬೇಕೆಂಬುದು ಅಲ್ಲಿನ ಕಾನೂನು. ಒಂದು ಸಲ ಬಳಸಿದ ಪೀಪಾಯಿ ಅವರಿಗೆ ಮತ್ತೆ ಅದೇ ಕೆಲಸಕ್ಕೆ ಬಾರದು. ಅದು ಹಡಗೇರಿ ಸ್ಕಾಟ್ಲೆಂಡಿಗೆ ಬರುತ್ತದೆ. ಸ್ಪೇನಿನ ಶೆರಿ ಮದ್ಯ ತುಂಬಿದ್ದ ದೊಡ್ಡ ಪೀಪಾಯಿಗಳೂ ಬರುತ್ತವೆ. ಮರ ತನ್ನ ಬಣ್ಣವನ್ನೂ ವಾಸನೆಯನ್ನೂ ಒಳಗಿನ ದ್ರವಕ್ಕೆ ಕೊಡುತ್ತದೆ; ಮರದ ಸಂದಿನಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗಿ ಹೋಗುತ್ತದೆ. ಇದಕ್ಕೆ ಅಲ್ಲಿನವರು ಇಟ್ಟ ಹೆಸರು ‘ದೇವದೂತರ ಪಾಲು’. ಬಾಟಲಿಗೆ ಇಳಿಸಿದ ದಿನ ಈ ಕೊಡುಕೊಳ್ಳುವ ವ್ಯವಹಾರವೆಲ್ಲ ನಿಲ್ಲುತ್ತದೆ. ಹನ್ನೆರಡು ವರ್ಷದ ವಿಸ್ಕಿಯನ್ನು ಕಪಾಟಿನಲ್ಲಿ ಇಪ್ಪತ್ತು ವರ್ಷ ಇಟ್ಟರೂ ಅದು ಹನ್ನೆರಡು ವರ್ಷದ್ದೇ. ಅಜ್ಜನ ಕಾಲದ ಬಾಟಲಿಯನ್ನು ಅಟ್ಟದಿಂದ ಇಳಿಸಿ ‘ಐವತ್ತು ವರ್ಷದ ಸ್ಕಾಚ್’ ಎಂದು ಹೇಳಿಕೊಳ್ಳುವವರು ಇದನ್ನು ಮರೆಯುತ್ತಾರೆ. ದ್ರಾಕ್ಷಾರಸದ ಬಾಟಲಿಯಂತೆ ಇದನ್ನು ಮಲಗಿಸಿ ಇಡುವುದೂ ತಪ್ಪು; ತೀಕ್ಷ್ಣವಾದ ಮದ್ಯಸಾರ ಬಿರಡೆಯನ್ನು ತಿಂದುಹಾಕುತ್ತದೆ.

ಇನ್ನು ಚೀಟಿ. ಅದರ ಮೇಲೆ 12 ಎಂದಿದ್ದರೆ ಒಳಗೆ ಬೆರೆತಿರುವ ವಿಸ್ಕಿಗಳಲ್ಲಿ ಅತಿ ಕಿರಿಯದಕ್ಕೆ ಹನ್ನೆರಡು ತುಂಬಿದೆ ಎಂದರ್ಥ. ಇಪ್ಪತ್ತು ವರ್ಷದ ಹತ್ತು ಪೀಪಾಯಿಗೆ ಎಂಟು ವರ್ಷದ ಒಂದು ಲೋಟ ಸೇರಿದರೂ ಚೀಟಿಗೆ ಬರಬಹುದಾದ ಅಂಕಿ ಎಂಟೇ. ಇದು ಕೊಳ್ಳುವವನ ಪರವಾದ ಕಟ್ಟುನಿಟ್ಟಿನ ನಿಯಮ. ‘ಸಿಂಗಲ್ ಮಾಲ್ಟ್’ ಎಂದರೆ ಒಂದೇ ಭಟ್ಟಿಯ, ಬರಿಯ ಮೊಳಕೆ ಬಾರ್ಲಿಯ ವಿಸ್ಕಿ. ಒಂದೇ ಪೀಪಾಯಿಯದು ಎಂದಲ್ಲ. ಹೊಸಬರು ಎಡವುವುದು ಇಲ್ಲಿ. ಬಣ್ಣ ನೋಡಿ ವಯಸ್ಸು ಊಹಿಸುವುದು ಇನ್ನೂ ದೊಡ್ಡ ಎಡವಟ್ಟು, ಏಕೆಂದರೆ ಸುಟ್ಟ ಸಕ್ಕರೆಯ ಬಣ್ಣ ಬೆರೆಸಲು ಕಾನೂನೇ ಅನುಮತಿ ಕೊಟ್ಟಿದೆ. ಬ್ರಿಟನ್ನಿನ ಚೀಟಿ ಈ ಬಗ್ಗೆ ಮೌನವಾಗಿರಬಹುದು. ಜರ್ಮನಿಯಲ್ಲಿ ಮಾರುವ ಬಾಟಲಿಯಲ್ಲಿ ಬಣ್ಣ ಸೇರಿಸಿದ್ದರೆ ಹಾಗೆಂದು ಬರೆಯಲೇಬೇಕು. ಹೀಗಾಗಿ ತಾವು ಕೊಳ್ಳುವ ವಿಸ್ಕಿಯ ಗುಟ್ಟು ತಿಳಿಯಲು ಜರ್ಮನಿಯ ಚೀಟಿಯನ್ನು ಹುಡುಕಿ ಓದುವ ರಸಿಕರಿದ್ದಾರೆ. ಚಳಿಗೆ ವಿಸ್ಕಿ ಮಸುಕಾಗುತ್ತದೆಂದು ಅದನ್ನು ಮೊದಲೇ ತಣ್ಣಗಾಗಿಸಿ ಸೋಸುವ ಪದ್ಧತಿಯೂ ಇದೆ. ನೋಟಕ್ಕೆ ತಿಳಿಯಾಗುತ್ತದೆ, ರುಚಿ ಕೊಡುವ ಎಣ್ಣೆಯಂಶವೂ ಅಷ್ಟಿಷ್ಟು ಹೋಗುತ್ತದೆ ಎಂಬುದು ರಸಿಕರ ದೂರು.

ಈ ದೂರಿನಿಂದ ಒಂದು ಸಂಘವೇ ಹುಟ್ಟಿತು. 1970ರ ದಶಕದ ಕೊನೆಯ ಭಾಗದಲ್ಲಿ ಎಡಿನ್‌ಬರೋ ನಗರದ ಪಿಪ್ ಹಿಲ್ಸ್ ಎಂಬವರು ಪೀಪಾಯಿಯಿಂದ ನೇರವಾಗಿ ತೆಗೆದ, ನೀರು ಬೆರೆಸದ, ಸೋಸದ ವಿಸ್ಕಿಯನ್ನು ಸವಿದರು. ಅಂಗಡಿಯ ಬಾಟಲಿಯಲ್ಲಿ ಸಿಗುವುದಕ್ಕೂ ಇದಕ್ಕೂ ಅಜಗಜಾಂತರ. ಆದರೆ ಒಂದು ಪೀಪಾಯಿ ಕೊಳ್ಳುವುದು ಒಬ್ಬರ ಜೇಬಿಗೆ ಎಟುಕುವ ಮಾತಲ್ಲ, ಕುಡಿದು ಮುಗಿಸುವುದು ಒಬ್ಬರ ಆಯುಷ್ಯಕ್ಕೂ ಒಳ್ಳೆಯದಲ್ಲ. ಸ್ನೇಹಿತರಿಂದ ಹಣ ಕೂಡಿಸಿ ಸ್ಪೇ ನದಿಯ ಪ್ರಾಂತದ ಗ್ಲೆನ್‌ಫಾರ್ಕ್ಲಸ್ ಭಟ್ಟಿಯಿಂದ ಒಂದು ಪೀಪಾಯಿ ತಂದರು, ಹಂಚಿಕೊಂಡರು. ನಮ್ಮ ಕಡೆ ನಾಲ್ಕು ಮನೆಯವರು ಸೇರಿ ಹೊಲದಿಂದಲೇ ಮೆಣಸಿನಕಾಯಿ ಮೂಟೆ ತರಿಸಿ ಪಾಲು ಹಾಕಿಕೊಳ್ಳುವುದಿಲ್ಲವೇ, ಹಾಗೆ. ಸುದ್ದಿ ಹರಡಿತು; ಸ್ನೇಹಿತರ ಸ್ನೇಹಿತರು ತಮಗೂ ಪಾಲು ಬೇಕೆಂದರು. 1983ರಲ್ಲಿ ಎಡಿನ್‌ಬರೋ ಬಂದರು ಪ್ರದೇಶವಾದ ಲೀತ್‌ನಲ್ಲಿ ‘ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿ’ ಹುಟ್ಟಿತು.

ತಮ್ಮ ಹೆಸರು ಬೇರೆಯವರ ಬಾಟಲಿಯ ಮೇಲೆ ಬರುವುದು ಭಟ್ಟಿಗಳಿಗೆ ಹಿಡಿಸುವುದಿಲ್ಲ. ಸಂಘದವರು ಹೆಸರನ್ನೇ ಬಿಟ್ಟರು. ಪ್ರತಿ ಭಟ್ಟಿಗೂ ಒಂದು ಸಂಖ್ಯೆ, ಅದರ ಪ್ರತಿ ಪೀಪಾಯಿಗೂ ಇನ್ನೊಂದು. ಗ್ಲೆನ್‌ಫಾರ್ಕ್ಲಸ್‌ನ ಮೊದಲ ಪೀಪಾಯಿ 1.1 ಆಯಿತು. ಉಳಿದದ್ದು ರುಚಿಯ ವರ್ಣನೆ; ಅದರಲ್ಲಿ ಈ ಸಂಘದವರ ಕಲ್ಪನೆ ಕೆಲವೊಮ್ಮೆ ನಮ್ಮ ನವೋದಯದ ಕವಿಗಳನ್ನೂ ಮೀರಿಸುತ್ತದೆ. ಈ ಏರ್ಪಾಡಿನ ದೊಡ್ಡ ಲಾಭ ಬೇರೆ. ಹೆಸರು ಕಾಣದಿದ್ದಾಗ ಕೊಳ್ಳುವವನು ಖ್ಯಾತಿಗೆ ಮರುಳಾಗದೆ ನಾಲಗೆಯನ್ನು ನಂಬಬೇಕಾಯಿತು. ಒಂದೇ ಭಟ್ಟಿಯ, ಒಂದೇ ವರ್ಷದ ಎರಡು ಪೀಪಾಯಿ ಅಣ್ಣತಮ್ಮಂದಿರಷ್ಟು ಬೇರೆಯಾಗಿರಬಹುದು ಎಂಬುದು ಜನಕ್ಕೆ ಅನುಭವದಿಂದ ತಿಳಿಯಿತು.

ಹೆಸರಿನ ಈ ಜಗಳಕ್ಕೆ ಇನ್ನೊಂದು ತಮಾಷೆಯ ಪರಿಹಾರವೂ ಇದೆ. ಪೀಪಾಯಿಯನ್ನು ಹೊರಗಿನವರಿಗೆ ಮಾರುವಾಗ ಕೆಲವು ಭಟ್ಟಿಗಳು ಅದಕ್ಕೆ ಇನ್ನೊಂದು ಭಟ್ಟಿಯ ವಿಸ್ಕಿಯನ್ನು ಒಂದು ಚಮಚದಷ್ಟು ಬೆರೆಸಿಬಿಡುತ್ತವೆ. ಕಾನೂನಿನ ಕಣ್ಣಿನಲ್ಲಿ ಅದು ಆಗಲೇ ಸಿಂಗಲ್ ಮಾಲ್ಟ್ ಅಲ್ಲ. ಮೂಲದ ಹೆಸರಿನಲ್ಲಿ ಮಾರುವಂತಿಲ್ಲ. ಬಾಲ್ವೆನಿಗೆ ಗ್ಲೆನ್‌ಫಿಡಿಕ್‌ನ ಚಮಚ ಬಿದ್ದರೆ ಅದು ‘ಬರ್ನ್‌ಸೈಡ್’. ಗ್ಲೆನ್‌ಫಿಡಿಕ್‌ಗೆ ಬಾಲ್ವೆನಿಯ ಚಮಚ ಬಿದ್ದರೆ ‘ವಾರ್ಡ್‌ಹೆಡ್’. ಇಂಥ ಹೆಸರುಗಳ ಒಳಗುಟ್ಟು ಬಲ್ಲವರು ಅಂಗಡಿಯಲ್ಲಿ ಮುಗುಳ್ನಕ್ಕು ಬಾಟಲಿ ಎತ್ತಿಕೊಳ್ಳುತ್ತಾರೆ.

ಕೊಳ್ಳುವವರ ಲೋಕ ಬದಲಾದದ್ದು ಮುಚ್ಚಿಹೋದ ಭಟ್ಟಿಗಳಿಂದ. 1970ರ ದಶಕದಲ್ಲಿ ಮಿತಿಮೀರಿ ತಯಾರಿಸಿದ ಪರಿಣಾಮವಾಗಿ 1983ರಲ್ಲಿ ಹಲವು ಭಟ್ಟಿಗಳು ಬಾಗಿಲು ಹಾಕಿದವು. ಐಲಾ ದ್ವೀಪದ ಪೋರ್ಟ್ ಎಲೆನ್, ಉತ್ತರದ ಬ್ರೋರಾ ಅವುಗಳಲ್ಲಿ ಸೇರಿದ್ದವು. ಆಗ ಕಣ್ಣೀರು ಹಾಕಿದವರು ಕಡಿಮೆ. ಆದರೆ ಉಗ್ರಾಣದಲ್ಲಿ ಉಳಿದ ಪೀಪಾಯಿಗಳು ಹಣ್ಣಾಗುತ್ತಾ ಹೋದವು. ಇನ್ನು ಮುಂದೆ ಇದು ಹುಟ್ಟುವುದಿಲ್ಲ ಎಂಬುದು ಅರಿವಾದಾಗ ಬೆಲೆ ಗಗನಕ್ಕೇರಿತು. ಕುಡಿಯಲು ಕೊಳ್ಳುತ್ತಿದ್ದವರ ಪಕ್ಕದಲ್ಲಿ ಇಟ್ಟುಕೊಂಡು ಮಾರಲು ಕೊಳ್ಳುವವರು ಬಂದು ನಿಂತರು. ಬೆಲೆ ಏರಿದ ಮೇಲೆ ಆ ಭಟ್ಟಿಗಳಿಗೂ ಮರುಜೀವ ಬಂತು: ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ಒಲೆ ಹಚ್ಚಿದವು. ಹರಾಜಿನ ಅಂಕಿಗಳನ್ನು ಇಲ್ಲಿ ಉದ್ದಕ್ಕೂ ಹೇಳುವ ಅಗತ್ಯವಿಲ್ಲ. 1926ರಲ್ಲಿ ಭಟ್ಟಿ ಇಳಿಸಿ, ಅರವತ್ತು ವರ್ಷ ಪೀಪಾಯಿಯಲ್ಲಿಟ್ಟ ಮೆಕ್ಯಾಲನ್ ವಿಸ್ಕಿಯ ಒಂದು ಬಾಟಲಿ 2023ರ ನವೆಂಬರಿನಲ್ಲಿ ಲಂಡನ್ನಿನಲ್ಲಿ 21 ಲಕ್ಷ ಪೌಂಡಿಗೂ ಮಿಕ್ಕಿ ಮಾರಾಟವಾಯಿತು ಎಂದರೆ ಸಾಕು.

ಬೆಲೆ ಇಷ್ಟಾದಲ್ಲಿ ನಕಲಿ ಹುಟ್ಟದಿರುತ್ತದೆಯೇ? 2017ರಲ್ಲಿ ಸ್ವಿಟ್ಸರ್ಲೆಂಡಿನ ಸೇಂಟ್ ಮೊರಿಟ್ಸ್‌ನ ಹೋಟೆಲೊಂದರಲ್ಲಿ ಚೀನಾದ ಅತಿಥಿಯೊಬ್ಬರು 1878ರ ಮೆಕ್ಯಾಲನ್ ಎಂದು ಚೀಟಿಯಿದ್ದ ಬಾಟಲಿಯಿಂದ ಒಂದೇ ಒಂದು ಗುಟುಕಿನ ಅಳತೆಗೆ 9,999 ಸ್ವಿಸ್ ಫ್ರಾಂಕ್ ಕೊಟ್ಟರು. ಪತ್ರಿಕೆಗಳಲ್ಲಿ ಚಿತ್ರ ನೋಡಿದ ಬಲ್ಲವರಿಗೆ ಬಿರಡೆ ಮತ್ತು ಚೀಟಿಯ ಮೇಲೆ ಅನುಮಾನ ಬಂತು. ಹೋಟೆಲಿನವರು ಪ್ರಾಮಾಣಿಕರು, ಮಾದರಿಯನ್ನು ಪರೀಕ್ಷೆಗೆ ಕಳಿಸಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಂಗಾಲದ ಕಾಲಮಾಪನ ಮಾಡಿದಾಗ ಅದು ಬಹುತೇಕ 1970ರಿಂದ 1972ರ ನಡುವಿನದು ಎಂದು ತೋರಿತು. ರಾಸಾಯನಿಕ ಪರೀಕ್ಷೆಯ ಪ್ರಕಾರ ಅದು ಮಾಲ್ಟ್ ಕೂಡ ಅಲ್ಲ, ಬೇರೆ ಧಾನ್ಯದ ವಿಸ್ಕಿ ಬೆರೆಸಿದ ಸಾಧಾರಣ ಮಿಶ್ರಣ. ಹೋಟೆಲಿನ ಮುಖ್ಯಸ್ಥರು ಚೀನಾಕ್ಕೆ ಹೋಗಿ ಹಣ ಹಿಂತಿರುಗಿಸಿ ಬಂದರು.

ಈ ಕಾಲಮಾಪನದ ಹಿಂದೆ ಒಂದು ವಿಚಿತ್ರ ಸಂಗತಿಯಿದೆ. 1950ರ ದಶಕ ಮತ್ತು 60ರ ದಶಕದ ಆರಂಭದಲ್ಲಿ ಬಯಲಿನಲ್ಲಿ ನಡೆಸಿದ ಪರಮಾಣು ಬಾಂಬಿನ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲದ ಪ್ರಮಾಣ ಥಟ್ಟನೆ ಏರಿತು. 1963ರ ನಿಷೇಧ ಒಪ್ಪಂದದ ನಂತರ ವರ್ಷ ವರ್ಷಕ್ಕೂ ಇಳಿಯುತ್ತಾ ಬಂತು. ಆಯಾ ವರ್ಷ ಬೆಳೆದ ಬಾರ್ಲಿ ಆಯಾ ವರ್ಷದ ಗಾಳಿಯನ್ನೇ ಉಂಡು ಬೆಳೆದದ್ದು. ಆ ಗುರುತು ಭಟ್ಟಿಗೂ ಪೀಪಾಯಿಗೂ ಮಣಿಯದೆ ಬಾಟಲಿಯಲ್ಲಿ ಉಳಿಯುತ್ತದೆ. 2018ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದರಲ್ಲಿ 55 ಅಪರೂಪದ ಬಾಟಲಿಗಳನ್ನು ಪರೀಕ್ಷಿಸಿದಾಗ 21 ಬಾಟಲಿಗಳು ನಕಲಿ ಅಥವಾ ಚೀಟಿಯಲ್ಲಿ ಹೇಳಿದ ವರ್ಷದಲ್ಲಿ ತಯಾರಾಗದವು ಎಂದು ಕಂಡುಬಂತು. ಅಂದಿನಿಂದ ಎಚ್ಚರದ ಸಂಗ್ರಾಹಕರಲ್ಲಿ ಕೆಲವರು ದುಬಾರಿ ಬಾಟಲಿ ಖಾಲಿಯಾದೊಡನೆ ಅದರ ಚೀಟಿಯನ್ನು ಗೀಚಿ ಹಾಳು ಮಾಡುತ್ತಾರೆ. ಖಾಲಿ ಬಾಟಲಿ ಕೊಂಡು ಮತ್ತೆ ತುಂಬುವವರಿಗೆ ಸಿಗದಿರಲಿ ಎಂದು.

ಬಾಟಲಿಯಲ್ಲಿ ಇಷ್ಟೆಲ್ಲ ಫಜೀತಿ ಇರುವಾಗ ಪೀಪಾಯಿಯೇ ಮೇಲು ಎಂದು ತೋರುವುದು ಸಹಜ. ಅದಕ್ಕೆ ತುಪ್ಪ ಸುರಿದಂತೆ 2022ರಲ್ಲಿ ಒಂದು ಸುದ್ದಿ ಬಂತು. 1975ರಲ್ಲಿ ತುಂಬಿದ ಆರ್ಡ್‌ಬೆಗ್‌ನ ಒಂದು ಪೀಪಾಯಿ ಏಷ್ಯಾದ ಸಂಗ್ರಾಹಕರೊಬ್ಬರಿಗೆ 1.6 ಕೋಟಿ ಪೌಂಡಿಗೆ ಮಾರಾಟವಾಯಿತು. ಇಡೀ ಆರ್ಡ್‌ಬೆಗ್ ಭಟ್ಟಿ, ಒಳಗಿನ ದಾಸ್ತಾನು ಸಹಿತ, 1997ರಲ್ಲಿ ಕೈ ಬದಲಾದದ್ದು ಸುಮಾರು 70 ಲಕ್ಷ ಪೌಂಡಿಗೆ!

ಸಾಮಾನ್ಯ ರಸಿಕನ ಲೆಕ್ಕ ಬೇರೆ. 200 ಲೀಟರಿನ ಹೊಸ ಪೀಪಾಯಿ ಕೊಂಡನೆಂದುಕೊಳ್ಳಿ. ಹನ್ನೆರಡು ವರ್ಷದಲ್ಲಿ ದೇವದೂತರ ಪಾಲು ಹೋಗಿ ಉಳಿಯುವುದು ಸುಮಾರು 157 ಲೀಟರ್. ಅಂದರೆ ನೀರು ಬೆರೆಸದಿದ್ದರೆ 70 ಸೆಂಟಿಲೀಟರಿನ 224 ಬಾಟಲಿ. ಕಾಗದದ ಮೇಲೆ ಸೊಗಸಾಗಿದೆ. ಆದರೆ ಪೀಪಾಯಿ ಇರುವುದು ಅಬಕಾರಿ ಇಲಾಖೆಯ ಅನುಮತಿ ಪಡೆದ ಉಗ್ರಾಣದಲ್ಲಿ. ಅಲ್ಲಿಂದ ಹೊರಗೆ ಬರುವ ದಿನ ಸುಂಕ ಕಟ್ಟಬೇಕು. ಬ್ರಿಟನ್ನಿನಲ್ಲಿ 2023ರ ಆಗಸ್ಟಿನಲ್ಲಿ ಜಾರಿಗೆ ಬಂದ ದರ ಶುದ್ಧ ಮದ್ಯಸಾರದ ಲೀಟರಿಗೆ 31.64 ಪೌಂಡ್, ಆಮೇಲೆ ಅದೂ ಏರಿತು. ಆ ಹಳೆಯ ದರದಲ್ಲೇ ಲೆಕ್ಕ ಹಾಕಿದರೂ, ಶೇ. 57ರ ತೀಕ್ಷ್ಣತೆ ಇದ್ದರೆ, ನಮ್ಮ ಪೀಪಾಯಿಗೆ ಸುಮಾರು 2,800 ಪೌಂಡ್ ಸುಂಕ. ಅದರ ಮೇಲೆ ಮಾರಾಟ ತೆರಿಗೆ, ಬಾಡಿಗೆ, ವಿಮೆ, ಬಾಟಲಿ, ಬಿರಡೆ, ಚೀಟಿ. ಮರ ಸತ್ವ ಕಳೆದುಕೊಂಡದ್ದಾದರೆ ಹನ್ನೆರಡು ವರ್ಷ ಕಳೆದರೂ ಒಳಗಿನದು ಎಳೆಯದಾಗಿಯೇ ಇರುತ್ತದೆ. ಸಂದಿನಲ್ಲಿ ಸೋರಿದರೆ ಹೇಳುವವರಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತೀಕ್ಷ್ಣತೆ ಶೇ. 40ಕ್ಕಿಂತ ಕೆಳಗಿಳಿದರೆ ಅದನ್ನು ವಿಸ್ಕಿ ಎಂದು ಮಾರುವಂತಿಲ್ಲ. ಇನ್ನಷ್ಟು ಹಳೆಯದಾಗಲಿ ಎಂದು ಆಸೆಪಟ್ಟು ಕಾದವನಿಗೆ ಹೆಸರೇ ಇಲ್ಲದ ದ್ರವ ಉಳಿದೀತು. ಬಾಟಲಿಯಲ್ಲಿ ಕಾಲ ನಿಂತಿರುತ್ತದೆ. ಪೀಪಾಯಿಯಲ್ಲಿ ಅದು ಒಡೆಯನ ಪರವಾಗಿಯೂ ವಿರುದ್ಧವಾಗಿಯೂ ಕೆಲಸ ಮಾಡುತ್ತಿರುತ್ತದೆ.

ಇದಾದರೂ ಪೀಪಾಯಿ ನಿಜವಾಗಿ ಇದ್ದರೆ! ನೀರೊಳಗಿನ ಎಮ್ಮೆಗೆ ವ್ಯಾಪಾರ ಕುದುರಿಸಿದಂತೆ, ಎಲ್ಲೋ ಸಾವಿರಾರು ಮೈಲಿ ದೂರದ ಉಗ್ರಾಣದಲ್ಲಿರುವ ಪೀಪಾಯಿಯನ್ನು ಫೋನಿನಲ್ಲಿ ಮಾರುವ ಮಧ್ಯವರ್ತಿಗಳು ಹುಟ್ಟಿಕೊಂಡರು. ವರ್ಷಕ್ಕೆ ಇಂತಿಷ್ಟು ಲಾಭ ಖಚಿತ ಎಂಬ ಮಾತು, ಚಿನ್ನದ ಅಂಚಿನ ‘ಒಡೆತನದ ಪ್ರಮಾಣಪತ್ರ’. ಪೀಪಾಯಿಯ ಹೂಡಿಕೆಯ ಮೇಲೆ ಬ್ರಿಟನ್ನಿನ ಹಣಕಾಸು ನಿಯಂತ್ರಕರ ಹಿಡಿತ ಇಲ್ಲದ್ದು ಅವರಿಗೆ ಅನುಕೂಲವಾಯಿತು. 2025ರಲ್ಲಿ ಬಿಬಿಸಿ ನಡೆಸಿದ ತನಿಖೆ ಈ ಜಾಲವನ್ನು ಬಯಲಿಗೆಳೆಯಿತು. ಒಂದೇ ಪೀಪಾಯಿಯನ್ನು ಹಲವರಿಗೆ ಮಾರಿದ್ದು, ಇಲ್ಲದ ಪೀಪಾಯಿ ಮಾರಿದ್ದು, ಮಾರುಕಟ್ಟೆಯ ಬೆಲೆಗೆ ಹಲವು ಪಟ್ಟು ಸೇರಿಸಿ ಮಾರಿದ್ದು ಬೆಳಕಿಗೆ ಬಂತು. ನಿವೃತ್ತಿಯ ಹಣ ಕಳೆದುಕೊಂಡವರಿದ್ದರು. ಲಂಡನ್ ನಗರದ ಪೊಲೀಸರೂ ತನಿಖೆಗೆ ಇಳಿದರು.

ಬೆಂಗಳೂರಿನ ಹೊರವಲಯದಲ್ಲಿ ನಿವೇಶನ ಕೊಂಡ ಯಾರಿಗೂ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದ ಕೈಯಲ್ಲಿದ್ದರೆ ಸಾಲದು, ಖಾತೆ ಬದಲಾಗಬೇಕು. ಪೀಪಾಯಿಯ ಲೋಕದಲ್ಲಿ ಖಾತೆ ಬದಲಾವಣೆಗೆ ಸಮನಾದ ಕಾಗದವೆಂದರೆ ‘ಡೆಲಿವರಿ ಆರ್ಡರ್’. ಇಂತಹ ಸಂಖ್ಯೆಯ ಪೀಪಾಯಿಯನ್ನು ಇಂತಹವರ ಹೆಸರಿಗೆ ವರ್ಗಾಯಿಸಿ ಎಂದು ಹಿಂದಿನ ಒಡೆಯ ಉಗ್ರಾಣದವರಿಗೆ ಬರೆದು ಕೊಡುವ ಆದೇಶ ಅದು. ಉಗ್ರಾಣದವರು ಒಪ್ಪಿ ತಮ್ಮ ಪುಸ್ತಕದಲ್ಲಿ ಹೆಸರು ಬದಲಿಸಿದಾಗಲೇ ಪೀಪಾಯಿ ಕೈಸೇರಿದಂತೆ. ಪಳಗಿದ ರಸಿಕರು ಮಧ್ಯವರ್ತಿಯನ್ನು ಬಿಟ್ಟು ನೇರವಾಗಿ ಉಗ್ರಾಣದವರನ್ನು ಕೇಳುತ್ತಾರೆ: ಪೀಪಾಯಿಯ ಸಂಖ್ಯೆ ಏನು, ತುಂಬಿದ್ದು ಯಾವತ್ತು, ಕೊನೆಯ ಸಲ ಅಳತೆ ಮಾಡಿದಾಗ ಎಷ್ಟು ಲೀಟರ್ ಇತ್ತು, ತೀಕ್ಷ್ಣತೆ ಎಷ್ಟು, ಯಾರ ಹೆಸರಿನಲ್ಲಿದೆ? ಸಣ್ಣ ಶೀಶೆಯಲ್ಲಿ ಮಾದರಿ ತರಿಸಿ ಸವಿಯುತ್ತಾರೆ. ಅಕ್ಕಿ ಕಚ್ಚಿ ನೋಡಿದ ಹಾಗೆಯೇ. ಇಷ್ಟು ಕೇಳಿದೊಡನೆ ಫೋನಿನ ಆ ಕಡೆಯ ದನಿ ತಣ್ಣಗಾದರೆ ಉತ್ತರ ಸಿಕ್ಕಂತೆಯೇ.

ಕನ್ನಡಿಗನೊಬ್ಬ ಸಾಚಾ ಪೀಪಾಯಿಯನ್ನೇ ಕೊಂಡನೆನ್ನಿ, ಅದನ್ನು ಊರಿಗೆ ತರಬಹುದೇ? ಇಲ್ಲ. ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನಲ್ಲೇ ಬಾಟಲಿಗೆ ತುಂಬಬೇಕೆಂಬ ನಿಯಮ 2012ರ ನವೆಂಬರಿನಿಂದ ಪೂರ್ತಿ ಜಾರಿಯಲ್ಲಿದೆ. ಬಾಟಲಿಗೆ ತುಂಬಿಸಿ ತಂದರೆ ಆಮದು ಸುಂಕ. ಬಹುಕಾಲ ಶೇ. 150ರಷ್ಟಿದ್ದ ಅದನ್ನು ಮೊದಲು ಶೇ. 75ಕ್ಕೆ, ಹತ್ತು ವರ್ಷದಲ್ಲಿ ಶೇ. 40ಕ್ಕೆ ಇಳಿಸುವ ಒಪ್ಪಂದಕ್ಕೆ ಭಾರತ ಮತ್ತು ಬ್ರಿಟನ್ 2025ರ ಜುಲೈನಲ್ಲಿ ಸಹಿ ಹಾಕಿದವು. ವಿಮಾನ ಪ್ರಯಾಣಿಕರಿಗೆ ಸುಂಕವಿಲ್ಲದೆ ತಲೆಗೆ ಎರಡು ಲೀಟರ್ ತರಲು ಅವಕಾಶವಿದೆ. ಆ ದಾರಿಯಲ್ಲಿ ಮೇಲೆ ಹೇಳಿದ 157 ಲೀಟರ್ ಮನೆ ಸೇರಲು ಎಪ್ಪತ್ತೊಂಬತ್ತು ಮಂದಿ ನೆಂಟರು ಬೇಕು.

ಪೀಪಾಯಿ ಬರಲಾಗದಿದ್ದರೂ ಅದರ ವಿದ್ಯೆ ಬೆಂಗಳೂರಿಗೆ ಬಂತು, ಮರಳಿ ಸ್ಕಾಟ್ಲೆಂಡಿಗೂ ಹೋಯಿತು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರ ಆಗಸ್ಟಿನಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋ ನಗರದಲ್ಲಿ. ತವರೂರಿನ ಅಂಗಡಿಗಳಿಗೆ ಅದು ಬಂದದ್ದು ಕೆಲವು ವರ್ಷಗಳ ನಂತರ. ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಬಾರ್ಲಿ ಬೆರೆಸಿದ ‘ಅಮೃತ್ ಫ್ಯೂಷನ್’ಗೆ ಬ್ರಿಟನ್ನಿನ ವಿಮರ್ಶಕ ಜಿಮ್ ಮರ್ರೆ 2010ರ ತಮ್ಮ ಕೈಪಿಡಿಯಲ್ಲಿ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟರು. ಬೆಂಗಳೂರಿನ ಹವೆಯಲ್ಲಿ ದೇವದೂತರು ಮಹಾ ಹೊಟ್ಟೆಬಾಕರು, ವರ್ಷಕ್ಕೆ ಶೇ. 10ಕ್ಕೂ ಹೆಚ್ಚು ಆವಿಯಾಗುತ್ತದೆ. ಎಂಟು ವರ್ಷ ಇಟ್ಟರೆ ಅರ್ಧಕ್ಕಿಂತ ಹೆಚ್ಚು ಅವರ ಪಾಲು. ಹಾಗೆ ಎಂಟು ವರ್ಷ ಇಟ್ಟ ವಿಸ್ಕಿಗೆ ಅಮೃತ್‌ನವರು ‘ಗ್ರೀಡಿ ಏಂಜೆಲ್ಸ್’ ಎಂದೇ ಹೆಸರಿಟ್ಟರು. ಇಲ್ಲಿನ ವಿಸ್ಕಿ ಬೇಗ ಹಣ್ಣಾಗುತ್ತದೆ. ಹನ್ನೆರಡು, ಹದಿನೆಂಟು ಎಂಬ ಸ್ಕಾಟ್ಲೆಂಡಿನ ಅಂಕಿಗಳನ್ನು ಹಿಡಿದು ಅದನ್ನು ಅಳೆಯಲು ಹೋದ ರಸಿಕರು ತಮ್ಮ ಅಳತೆಗೋಲನ್ನೇ ಬದಲಿಸಬೇಕಾಯಿತು.

ತಂಪು ನಾಡಿನಲ್ಲಿ ಕಾಲದ ನಡೆ ಬೇರೆ. ಸ್ಕಾಟ್ಲೆಂಡಿನ ಎಲ್ಗಿನ್ ಪಟ್ಟಣದಲ್ಲಿ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಎಂಬ ಕಿರಾಣಿ ಅಂಗಡಿ 1895ರಲ್ಲಿ ಶುರುವಾಯಿತು. ತಮ್ಮದೇ ಪೀಪಾಯಿಗಳನ್ನು ಬೇರೆ ಬೇರೆ ಭಟ್ಟಿಗಳಿಗೆ ಕಳಿಸಿ ತುಂಬಿಸಿ ತರುವುದು ಅವರ ಪದ್ಧತಿ. 1940ರ ಫೆಬ್ರವರಿಯಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅಂಗಡಿಯ ಒಡೆಯ ಜಾನ್ ಅರ್ಕರ್ಟ್ ಮತ್ತು ಮಗ ಜಾರ್ಜ್ ಗ್ಲೆನ್‌ಲಿವೆಟ್ ಭಟ್ಟಿಯಲ್ಲಿ ಒಂದು ಪೀಪಾಯಿ ತುಂಬಿಸಿದರು. ಅದನ್ನು ತೆರೆದದ್ದು 2020ರಲ್ಲಿ, ಎಂಬತ್ತು ವರ್ಷದ ನಂತರ, ಆ ಮನೆತನದ ಮುಂದಿನ ತಲೆಮಾರಿನವರು. ತೀಕ್ಷ್ಣತೆ ಇನ್ನೂ ಶೇ. 44.9ರಷ್ಟಿತ್ತು, ಒಟ್ಟು 250 ಬಾಟಲಿಗಳಾದವು. ಹಲಸು ನೆಟ್ಟ ಅಜ್ಜ ತೊಳೆ ಬಿಡಿಸಲು ಇರಲಿಲ್ಲ. ಅದೇ ಅಂಗಡಿಯವರು 2023ರಲ್ಲಿ ಒಂದು ಪ್ರಕಟಣೆ ಹೊರಡಿಸಿದರು: 2024ರಿಂದ ಬೇರೆಯವರ ಭಟ್ಟಿಗಳಲ್ಲಿ ಹೊಸ ಪೀಪಾಯಿ ತುಂಬಿಸುವುದನ್ನು ನಿಲ್ಲಿಸುತ್ತೇವೆ, ತಮ್ಮದೇ ಎರಡು ಭಟ್ಟಿಗಳಿಗೆ ಗಮನ ಕೊಡುತ್ತೇವೆ ಎಂದು. ಆದರೆ ಅಲ್ಲಿಯವರೆಗೆ ತುಂಬಿಟ್ಟ ಪೀಪಾಯಿಗಳು ಉಗ್ರಾಣಗಳಲ್ಲಿ ಸಾಲುಗಟ್ಟಿ ಮಲಗಿವೆ. ಅವುಗಳಿಂದ ಬಾಟಲಿಗಳು ಇನ್ನೂ ಹಲವು ದಶಕ ಹೊರಬರುತ್ತಲೇ ಇರುತ್ತವೆ.